ಮೌರಲಾ ಮೀನಿನ ವಿಟಮಿನ್ ಎ: ಒಂದು ಸಂಶೋಧನಾ ಟಿಪ್ಪಣಿ

ಕೋಲ್ಕತ್ತದ ಗರಿಯಾಹಾಟ್, ಮಾಣಿಕ್‌ತಲಾ, ಲೇಕ್ ಮಾರ್ಕೆಟ್‌ಗಳ ಮೀನಂಗಡಿಗಳಲ್ಲಿ ಬೆರಳುದ್ದದ ಬೆಳ್ಳಿಬಣ್ಣದ ಮೌರಲಾ ಮೀನು ಸಿಗುತ್ತದೆ. ಅದನ್ನು ತಿಂದರೆ ಕಣ್ಣಿಗೆ ಒಳ್ಳೆಯದೆಂದು ಬಂಗಾಳಿ ಮನೆಗಳಲ್ಲಿ ಮಕ್ಕಳಿಗೆ ಹೇಳುವುದುಂಟು. ಈ ನಂಬಿಕೆಯನ್ನು ಜೀವರಸಾಯನದ ಒರೆಗೆ ಹಚ್ಚಿ ನೋಡುವುದು ಈ ಟಿಪ್ಪಣಿಯ ಉದ್ದೇಶ. ದೇಹವು ವಿಟಮಿನ್ ಎಯನ್ನು ಬರಿಯ ಪೋಷಕಾಂಶವಾಗಿ ಕಾಣುವುದಿಲ್ಲ. ಹಾರ್ಮೋನಿನ ಕಚ್ಚಾ ಸಾಮಗ್ರಿಯಾಗಿ ಅದನ್ನು ಕೂಡಿಡುತ್ತದೆ, ಅಳೆದು ಬಿಡುತ್ತದೆ, ಕೆಲಸ ಮುಗಿದೊಡನೆ ನಾಶಮಾಡುತ್ತದೆ. ಆದ್ದರಿಂದ ಆಹಾರದ ಪಟ್ಟಿಯಲ್ಲಿ ಕಾಣುವ ಅಂಕಿಯೊಂದರಿಂದಲೇ ಒಂದು ಮೀನಿನ ಬೆಲೆ ಕಟ್ಟಲಾಗದು ಎಂಬುದು ನನ್ನ ವಾದ.

1. ಮೀನಿನಲ್ಲಿ ಇರುವುದೇನು

ಮೌರಲಾದ ಶಾಸ್ತ್ರೀಯ ಹೆಸರು ಆಂಬ್ಲಿಫಾರಿಂಗೋಡಾನ್ ಮೋಲಾ. ಬಾಂಗ್ಲಾದೇಶದ ಮೀನುಗಳನ್ನು ಪರೀಕ್ಷಿಸಿದ ನನ್ನಾ ರೂಸ್ ಮತ್ತು ಸಂಗಡಿಗರು ನೂರು ಗ್ರಾಂ ಹಸಿ ಮೋಲಾದಲ್ಲಿ 2,500 ಮೈಕ್ರೋಗ್ರಾಂಗೂ ಮಿಕ್ಕಿದ ವಿಟಮಿನ್ ಎ ಇರುವುದನ್ನು ಕಂಡರು. ಸಾಕಣೆಯ ರೋಹು ಮೀನಿನಲ್ಲಿ ಇದು ನೂರನ್ನೂ ಮುಟ್ಟುವುದಿಲ್ಲ. ಆದರೆ ಮೋಲಾದ ಈ ಸಂಪತ್ತಿನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಇರುವುದು ಕಣ್ಣು ಮತ್ತು ಕರುಳಿನ ಭಾಗದಲ್ಲಿ. ಅಡುಗೆಗೆ ಮುನ್ನ ಹೆಬ್ಬೆರಳಿನಿಂದ ಹೊಟ್ಟೆಯನ್ನು ಒತ್ತಿ ಕರುಳನ್ನು ತೆಗೆಯುವುದು ವಾಡಿಕೆ. ಹಾಗೆ ಒತ್ತಿದಾಗ ವಿಟಮಿನ್‌ನ ದೊಡ್ಡ ಪಾಲು ಕೈತಪ್ಪಿಹೋಗುತ್ತದೆ. ತಲೆಯನ್ನೂ ಕತ್ತರಿಸಿದರೆ ಉಳಿಯುವುದು ಅತ್ಯಲ್ಪ.

ಇನ್ನೊಂದು ತೊಡಕಿದೆ. ಈ ಮೀನಿನಲ್ಲಿ ಹೆಚ್ಚಾಗಿರುವುದು ನಮ್ಮ ರಕ್ತದಲ್ಲಿ ಹರಿಯುವ ರೆಟಿನಾಲ್ (ವಿಟಮಿನ್ ಎ1) ಅಲ್ಲ, ಡೈಡಿಹೈಡ್ರೋರೆಟಿನಾಲ್. ಅಂದರೆ ಅಣುವಿನ ಉಂಗುರದಲ್ಲಿ ಒಂದು ಜೋಡಿಬಂಧ ಹೆಚ್ಚಿರುವ ವಿಟಮಿನ್ ಎ2. ಸಿಹಿನೀರಿನ ಮೀನುಗಳಿಗೆ ಇದರಿಂದ ಪ್ರಯೋಜನವಿದೆ. ಎ2ದಿಂದಾದ ದೃಷ್ಟಿವರ್ಣಕವು ಕೆಂಪಿನ ಕಡೆಯ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಕೆರೆಯ ಕದಡಿದ ನೀರಿನಲ್ಲಿ ತಳದವರೆಗೆ ಇಳಿಯುವುದೂ ಆ ಬೆಳಕೇ. ಎ1ನ್ನು ಎ2 ಮಾಡುವ ಕಿಣ್ವ ಸಿವೈಪಿ27ಸಿ1 ಎಂಬುದು 2015ರಲ್ಲಿ ಜೀಬ್ರಾ ಮೀನು ಮತ್ತು ಬುಲ್‌ಫ್ರಾಗ್‌ಗಳ ಅಧ್ಯಯನದಿಂದ ಖಚಿತವಾಯಿತು. ಇಲಿಗಳ ಬೆಳವಣಿಗೆಯನ್ನು ಅಳೆದ ಹಳೆಯ ಪ್ರಯೋಗಗಳ ಪ್ರಕಾರ ಎ2ದ ಸಾಮರ್ಥ್ಯ ಎ1ರ ಸುಮಾರು ಶೇಕಡಾ ನಲವತ್ತು.

2. ಕರುಳಿನಿಂದ ಯಕೃತ್ತಿಗೆ

ಸೊಪ್ಪು, ಕ್ಯಾರೆಟ್‌ಗಳ ಬೀಟಾ ಕ್ಯಾರೊಟೀನ್ ಎಲ್ಲಿ ವಿಟಮಿನ್ ಎ ಆಗುತ್ತದೆ ಎಂಬುದು ಬಹುಕಾಲ ವಿವಾದದಲ್ಲಿತ್ತು. ಯಕೃತ್ತಿನಲ್ಲಿ ಎಂದು ಹಲವರು ನಂಬಿದ್ದರು. 1949ರ ಸುಮಾರಿಗೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಥಾಂಪ್ಸನ್, ಕಾನ್ ಅವರೊಡನೆ ಕೆಲಸಮಾಡಿದ ಜಗನ್ನಾಥ ಗಂಗೂಲಿ ಅದು ಸಣ್ಣ ಕರುಳಿನ ಗೋಡೆಯಲ್ಲಿ ನಡೆಯುತ್ತದೆಂದು ತೋರಿಸಿದವರಲ್ಲಿ ಒಬ್ಬರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಟಮಿನ್ ಎ ಸಂಶೋಧನೆಯ ಒಂದು ತಂಡವನ್ನೇ ಕಟ್ಟಿದರು.

ಕ್ಯಾರೊಟೀನಿನ ದಾರಿಯಲ್ಲಿ ಒಂದು ತಡೆಯಿದೆ. ದೇಹದಲ್ಲಿ ವಿಟಮಿನ್ ಸಾಕಷ್ಟಿದ್ದರೆ, ಕ್ಯಾರೊಟೀನನ್ನು ಸೀಳುವ ಕಿಣ್ವದ ಉತ್ಪಾದನೆ ಕರುಳಿನಲ್ಲೇ ತಗ್ಗುತ್ತದೆ. ಹಾಗಾಗಿ ಕ್ಯಾರೆಟ್ ಅತಿಯಾದರೆ ಚರ್ಮ ಹಳದಿಯಾದೀತು, ವಿಷವೇರದು. ಮೀನು, ಯಕೃತ್ತು, ಮಾತ್ರೆಗಳಲ್ಲಿರುವ ಸಿದ್ಧ ವಿಟಮಿನ್‌ಗೆ ಆ ತಡೆಯಿಲ್ಲ. ಪಿತ್ತರಸ ಮತ್ತು ಜಿಡ್ಡಿನ ನೆರವಿದ್ದರೆ ಅದರ ಬಹುಪಾಲು ಒಳಗೆ ಸೇರುತ್ತದೆ. ಮೌರಲಾವನ್ನು ಸಾಸಿವೆ ಎಣ್ಣೆಯಲ್ಲಿ ಬೇಯಿಸುವ ಪದ್ಧತಿ ಈ ದೃಷ್ಟಿಯಿಂದ ಅನುಕೂಲಕರವೇ.

ಒಳಸೇರಿದ ರೆಟಿನಾಲ್ ಕೊಬ್ಬಿನಾಮ್ಲದೊಡನೆ ಕೂಡಿ ಎಸ್ಟರ್ ಆಗುತ್ತದೆ, ದುಗ್ಧರಸದ ಮೂಲಕ ರಕ್ತಕ್ಕೆ ಬಂದು ಯಕೃತ್ತನ್ನು ತಲುಪುತ್ತದೆ. ಅಲ್ಲಿನ ನಕ್ಷತ್ರಾಕಾರದ ಕೋಶಗಳು ಅದರ ಕಣಜ. ಬೇಕಾದಾಗ ಯಕೃತ್ತು ರೆಟಿನಾಲನ್ನು ಒಂದು ವಾಹಕ ಪ್ರೋಟೀನಿಗೆ ಕಟ್ಟಿ ಕಳುಹಿಸುತ್ತದೆ. ಈ ಪ್ರೋಟೀನು ಚಿಕ್ಕದು. ಟ್ರಾನ್ಸ್‌ಥೈರೆಟಿನ್ ಎಂಬ ಇನ್ನೊಂದು ಪ್ರೋಟೀನು ಜೊತೆಗೂಡದಿದ್ದರೆ ಮೂತ್ರಪಿಂಡದಲ್ಲಿ ಸೋರಿಹೋಗುತ್ತದೆ. ದಾಸ್ತಾನು ತೀರಾ ಬರಿದಾಗುವವರೆಗೂ ರಕ್ತದ ರೆಟಿನಾಲ್ ಮಟ್ಟ ಹೆಚ್ಚು ಕಡಿಮೆ ಒಂದೇ ಸಮನಾಗಿರುತ್ತದೆ.

3. ಹಾರ್ಮೋನಾಗುವ ಬಗೆ

ಅಂಗಾಂಶವನ್ನು ಸೇರಿದ ರೆಟಿನಾಲ್ ಮೊದಲು ರೆಟಿನಾಲ್ಡಿಹೈಡ್ ಆಗುತ್ತದೆ. ಇಲ್ಲಿಂದ ದಾರಿ ಕವಲೊಡೆಯುತ್ತದೆ. ಕಣ್ಣಿನಲ್ಲಿ ಅದು ದೃಷ್ಟಿವರ್ಣಕದ ಭಾಗವಾಗಿ ಮತ್ತೆ ಮತ್ತೆ ಬಳಕೆಯಾಗುತ್ತದೆ. ಉಳಿದೆಡೆ ಇನ್ನೊಮ್ಮೆ ಆಕ್ಸಿಡೀಕರಣಗೊಂಡು ರೆಟಿನಾಯಿಕ್ ಆಮ್ಲವಾಗುತ್ತದೆ. ಈ ಕೊನೆಯ ಹೆಜ್ಜೆ ಇಟ್ಟ ಮೇಲೆ ಹಿಂದಿರುಗುವಂತಿಲ್ಲ. 1960ರಲ್ಲಿ ಡೌಲಿಂಗ್ ಮತ್ತು ವಾಲ್ಡ್ ನಡೆಸಿದ ಪ್ರಯೋಗ ಇದನ್ನು ಎತ್ತಿ ತೋರಿಸಿತು. ರೆಟಿನಾಯಿಕ್ ಆಮ್ಲವನ್ನಷ್ಟೇ ಉಂಡ ಇಲಿಗಳು ದಷ್ಟಪುಷ್ಟವಾಗಿ ಬೆಳೆದವು, ಆದರೆ ಮೊದಲು ಇರುಳುಗುರುಡಾಗಿ ಕೊನೆಗೆ ಪೂರ್ತಿ ಕುರುಡಾದವು.

ಬೆಳವಣಿಗೆಯನ್ನು ಆಮ್ಲ ಹೇಗೆ ನಡೆಸುತ್ತದೆಂಬುದು ತಿಳಿದದ್ದು 1987ರಲ್ಲಿ. ಸ್ಟ್ರಾಸ್‌ಬರ್ಗ್‌ನ ಪಿಯೆರ್ ಶಾಂಬೋನ್ ಮತ್ತು ಕ್ಯಾಲಿಫೋರ್ನಿಯಾದ ರೊನಾಲ್ಡ್ ಇವಾನ್ಸ್ ಅವರ ತಂಡಗಳು ಪ್ರತ್ಯೇಕವಾಗಿ ರೆಟಿನಾಯಿಕ್ ಆಮ್ಲದ ಗ್ರಾಹಕವನ್ನು ಕಂಡುಹಿಡಿದವು. ಅದು ಸ್ಟಿರಾಯ್ಡ್ ಮತ್ತು ಥೈರಾಯ್ಡ್ ಹಾರ್ಮೋನುಗಳ ಗ್ರಾಹಕಗಳ ಕುಟುಂಬದ್ದೇ. ಕೋಶಕೇಂದ್ರದಲ್ಲಿ ಡಿಎನ್‌ಎಗೆ ಅಂಟಿಕೊಂಡ ಈ ಗ್ರಾಹಕಕ್ಕೆ ಆಮ್ಲ ಬಂದು ಕೂಡಿದೊಡನೆ ಜೀನುಗಳು ಚುರುಕಾಗುತ್ತವೆ. ಅವುಗಳಲ್ಲಿ ಒಂದು, ಆಮ್ಲವನ್ನೇ ಒಡೆದುಹಾಕುವ ಸಿವೈಪಿ26 ಕಿಣ್ವದ್ದು. ಹಾರ್ಮೋನು ತನ್ನ ಅಂತ್ಯವನ್ನು ತಾನೇ ಕರೆದುಕೊಳ್ಳುವ ವ್ಯವಸ್ಥೆ ಇದು. ಆದರೂ ಥೈರಾಯ್ಡ್‌ನಂತೆ ಇಲ್ಲಿ ಒಂದು ಗ್ರಂಥಿಯಿಲ್ಲ. ಬಳಸುವ ಅಂಗಾಂಶವೇ ಬಹುತೇಕ ತನಗೆ ಬೇಕಾದ್ದನ್ನು ತಯಾರಿಸಿಕೊಳ್ಳುತ್ತದೆ.

ಈ ಆಮ್ಲದ ಪರಿಣಾಮಗಳನ್ನು ಕೋಲ್ಕತ್ತದಲ್ಲೂ ಪರಿಶೀಲಿಸಲಾಗಿದೆ. ಚಿತ್ತರಂಜನ್ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಸ್ತನ ಕ್ಯಾನ್ಸರ್ ಕೋಶಗಳು ಸುತ್ತಲಿನ ಅಂಗಾಂಶವನ್ನು ಕರಗಿಸಲು ಬಳಸುವ ಎಂಎಂಪಿ-2 ಕಿಣ್ವದ ಮೇಲೆ ಅದರ ಪ್ರಭಾವವನ್ನು ನೋಡಿತು. ಅದು ಪ್ರಯೋಗಾಲಯದ ಕೋಶಗಳ ಮಾತು. ಆಹಾರದ ವಿಟಮಿನ್‌ಗೆ ಅದನ್ನು ಹಚ್ಚಬಾರದು.

ಎ2ದ ವಿಷಯದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. 1990ರಲ್ಲಿ ಥಾಲರ್ ಮತ್ತು ಐಖೆಲೆ ಕೋಳಿಭ್ರೂಣದ ರೆಕ್ಕೆಯ ಮೊಗ್ಗಿನಲ್ಲಿ ಡೈಡಿಹೈಡ್ರೋರೆಟಿನಾಯಿಕ್ ಆಮ್ಲವನ್ನು ಗುರುತಿಸಿದರು; ಅದೂ ಅಂಗರಚನೆಯ ಸಂಕೇತವೇ ಆಗಿತ್ತು. ಹಾಗಾದರೆ ಎ2ವನ್ನು ಬರಿಯ ದುರ್ಬಲ ಎ1 ಎಂದು ಬದಿಗಿಡುವುದು ಅವಸರದ ತೀರ್ಪಾದೀತು.

4. ತಟ್ಟೆಯಲ್ಲಿ ನಡೆದ ಪರೀಕ್ಷೆ

2008ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಪ್ರಯೋಗವೊಂದರಲ್ಲಿ, ವಿಟಮಿನ್ ಎ ಕೊರತೆಯ ಅಂಚಿನಲ್ಲಿದ್ದ ಮಕ್ಕಳಿಗೆ ಒಂಬತ್ತು ವಾರ ಮೋಲಾ ಸಾರು ಉಣಿಸಲಾಯಿತು. ಅವರ ವಿಟಮಿನ್ ಎ ಸ್ಥಿತಿ ಸುಧಾರಿಸಲಿಲ್ಲ. ಇದನ್ನು ಮೀನಿನ ಸೋಲೆಂದು ಓದುವವರಿದ್ದಾರೆ. ಆದರೆ ರಕ್ತದ ರೆಟಿನಾಲನ್ನು ಯಕೃತ್ತು ಹಿಡಿತದಲ್ಲಿಡುತ್ತದೆ. ಎ2 ಎ2ವಾಗಿಯೇ ಉಳಿದರೆ ರೆಟಿನಾಲ್ ಅಳತೆಯಲ್ಲಿ ಕಾಣಿಸದು. ಹಾಗೆಂದು ಮೀನನ್ನು ಗೆದ್ದಿತೆನ್ನಲೂ ಆಧಾರವಿಲ್ಲ.

5. ತೀರ್ಮಾನ

ಮೌರಲಾವನ್ನು ತಲೆಸಹಿತ ತಿಂದರೆ ವಿಟಮಿನ್ ಎ ಸಿಗುವುದು ನಿಜ. ಎಲುಬಿನ ಸಮೇತ ತಿನ್ನುವುದರಿಂದ ಸುಣ್ಣಾಂಶದ ಲಾಭ ಬೇರೆ. ಆದರೆ ಇರುಳುಗುರುಡು ಕಾಣಿಸಿಕೊಂಡ ಮಗುವಿಗೆ ಅದು ಔಷಧಿಯಲ್ಲ. ಅಂಥ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ವಿಟಮಿನ್ ಎ ಮಾತ್ರೆ ನುಂಗಬಾರದು. ಭ್ರೂಣದ ಅಂಗಗಳನ್ನು ರೂಪಿಸುವ ಹಾರ್ಮೋನು ಅಳತೆ ಮೀರಿದರೆ ಅವೇ ಅಂಗಗಳನ್ನು ಕೆಡಿಸುತ್ತದೆ.