ಎರಡು ಅಡಿಬರಹಗಳ ನಡುವಣ ಗಡಿ: ಡೇನಿಯಲ್‌ರ ರಾಯಕೋಟೆ ಮತ್ತು ಹೊಸೂರು

ಥಾಮಸ್ ಡೇನಿಯಲ್ (1749–1840) ಮತ್ತು ಅವರ ಸೋದರನ ಮಗ ವಿಲಿಯಂ (1769–1837) 1795ರಿಂದ 1808ರವರೆಗೆ ಲಂಡನ್ನಿನಲ್ಲಿ ಪ್ರಕಟಿಸಿದ ‘ಓರಿಯೆಂಟಲ್ ಸೀನರಿ’ 144 ಅಕ್ವಟಿಂಟ್ ಚಿತ್ರಗಳ ಸಂಕಲನ. ಅದರ ಮೂರನೆಯ ಶ್ರೇಣಿಯಲ್ಲಿ ರಾಯಕೋಟೆಯ ಹಾಗೂ ಹೊಸೂರಿನ ದೃಶ್ಯಗಳಿವೆ. ಒಂದರ ಅಡಿಬರಹವು ಊರನ್ನು ಬಾರಾಮಹಲಿನಲ್ಲಿ ಇರಿಸಿದರೆ, ಇನ್ನೊಂದರದು ಮೈಸೂರಿನಲ್ಲಿ ಇರಿಸುತ್ತದೆ. ಈ ಎರಡು ಊರುಗಳ ನಡುವಿನ ಅಂತರ ಸುಮಾರು 30 ಕಿಲೋಮೀಟರ್ ಮಾತ್ರ.

ಈ ಭೇದದ ಮೂಲ ಯುದ್ಧದಲ್ಲಿದೆ. 1791ರ ಜುಲೈಯಲ್ಲಿ ಕಂಪನಿಯ ಸೇನೆ ಎರಡೂ ಕೋಟೆಗಳನ್ನು ವಶಪಡಿಸಿಕೊಂಡಿತು. 1792ರ ಮಾರ್ಚಿನ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಕಂಪನಿಗೆ ಸಂದಿತು. ಹೊಸೂರು ಟಿಪ್ಪುವಿಗೆ ಉಳಿಯಿತು. ಮರುತಿಂಗಳೇ ಮದರಾಸಿನಿಂದ ಹೊರಟ ಡೇನಿಯಲ್‌ರಿಗೆ ಈ ಸೀಮೆಯ ದಾರಿ ತೆರೆದದ್ದು ಆ ಯುದ್ಧದಿಂದಲೇ.

ಕ್ಯಾಮೆರಾ ಆಬ್‌ಸ್ಕ್ಯೂರಾದ ನೆರವಿನಿಂದ ಸ್ಥಳದಲ್ಲೇ ಪೆನ್ಸಿಲ್ ರೇಖೆ ಎಳೆದು, ಮೇಲೆ ತೆಳುವರ್ಣ ಲೇಪಿಸಿ, ಊರಿಗೆ ಮರಳಿದ ಬಳಿಕ ತಾಮ್ರದ ಫಲಕಕ್ಕೆ ಇಳಿಸುವುದು ಅವರ ಕ್ರಮ. ಬಂಡೆಯ ಆಕಾರದಲ್ಲಿ ನಿಖರತೆ, ಒಟ್ಟು ಜೋಡಣೆಯಲ್ಲಿ ರಮಣೀಯತೆ: ರೊಮ್ಯಾಂಟಿಕ್ ಯುಗದ ಈ ಎರಡು ಒಲವುಗಳೂ ಅಲ್ಲಿ ಕೂಡಿವೆ. ಹತ್ತು ತಿಂಗಳ ಹಿಂದೆ ಮುತ್ತಿಗೆ ಕಂಡ ದುರ್ಗವು ಹಾಗಾಗಿ ಪ್ರಶಾಂತ ನಿಸರ್ಗವಾಗಿ ಲಂಡನ್ನಿನ ಗ್ರಾಹಕರನ್ನು ತಲುಪಿತು.

ಚಿತ್ರಗಳು ಅಚ್ಚಾಗುವ ವೇಳೆಗೆ ಅಡಿಬರಹವೇ ಹಳತಾಗಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರೂ ಕಂಪನಿಯ ಪಾಲಾಯಿತು. ಮುಂದೆ ಅದು ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ, 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ಊರು ಕದಲಲಿಲ್ಲ, ಅದರ ಮೇಲಿನ ಹೆಸರು ಮಾತ್ರ ಬದಲಾಗುತ್ತ ಬಂದಿತು.

ಈ ಚಿತ್ರಗಳು ಅಲ್ಲಿನ ಜನರ ನುಡಿಯ ಕುರಿತು ಏನನ್ನೂ ಹೇಳವು. ಅದಕ್ಕೆ ಶಾಸನಗಳನ್ನೂ ಕಂದಾಯದ ಕಡತಗಳನ್ನೂ ಆಶ್ರಯಿಸಬೇಕು. ಆದರೆ ಹೊಸೂರಿನ ಕನ್ನಡಿಗರನ್ನು ಗಡಿ ದಾಟಿ ಹೋದ ವಲಸಿಗರೆಂದು ಭಾವಿಸುವ ಮುನ್ನ ಆ ಅಡಿಬರಹವನ್ನು ಒಮ್ಮೆ ಓದುವುದು ಒಳಿತು. ದಾಟಿದ್ದು ಜನರಲ್ಲ, ಗಡಿ. ತಮಿಳು, ತೆಲುಗುಗಳ ನೆರೆಯಲ್ಲಿ ಬಾಳುವ ಅಲ್ಲಿನ ಕನ್ನಡದ ಚರಿತ್ರೆಯನ್ನು ಇಂದಿನ ಭೂಪಟದಿಂದ ಹಿಂದಕ್ಕೆ ಅಳೆಯಲಾಗದು.