ಭೂಮಿಯ ಪ್ರಶ್ನೆ: ಉದಾರವಾದಿ ಹಾಗೂ ಆಮೂಲಾಗ್ರವಾದಿ ಅರ್ಥಶಾಸ್ತ್ರಜ್ಞರ ದೃಷ್ಟಿಭೇದ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿಗೆ ಸೇರಿದ ಅನುಗೊಂಡನಹಳ್ಳಿ ಹೋಬಳಿ ವೈಟ್‌ಫೀಲ್ಡ್‌ಗೆ ಪೂರ್ವದಲ್ಲಿದೆ. ರಾಗಿ ಹೊಲವು ಭೂಪರಿವರ್ತನೆಯಾಗಿ ಬಡಾವಣೆ ಅಥವಾ ಗೋದಾಮಾಗುವುದು ರಾಜಧಾನಿಯ ಅಂಚಿನಲ್ಲಿರುವ ಇಂತಹ ಹೋಬಳಿಗಳಲ್ಲಿ ಅಪರೂಪದ ಸಂಗತಿಯಲ್ಲ. ಇಲ್ಲಿ ಎರಡು ಎಕರೆಯ ರೈತನೊಬ್ಬ ತನ್ನ ಜಮೀನನ್ನು ಮಾರಿದನೆಂದು ಭಾವಿಸಿದರೆ, ಆ ಒಂದು ಕ್ರಯಪತ್ರವನ್ನು ಅರ್ಥಶಾಸ್ತ್ರದ ಎರಡು ಪಂಥಗಳು ಎರಡು ಬಗೆಯಲ್ಲಿ ಓದುತ್ತವೆ.

ಉದಾರವಾದಿ ಕೇಳುವ ಪ್ರಶ್ನೆಗಳು ಮೂರು: ಮಾರಿದವನೂ ಕೊಂಡವನೂ ಒಪ್ಪಿದ್ದರೇ, ಪಹಣಿ ಸರಿಯಿತ್ತೇ, ಬೆಲೆ ನಾಲ್ಕು ಜನ ಖರೀದಿದಾರರ ಪೈಪೋಟಿಯಲ್ಲಿ ನಿರ್ಧಾರವಾಯಿತೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಇಬ್ಬರಿಗೂ ಲಾಭವಾಗಿದೆ ಎಂಬುದು ಅವರ ನಿಲುವು. ಆಮೂಲಾಗ್ರವಾದಿಯ ವಿಚಾರಣೆ ಕ್ರಯಪತ್ರಕ್ಕಿಂತ ಹಿಂದಿನಿಂದ ಆರಂಭವಾಗುತ್ತದೆ. ಸಾಲ, ಬತ್ತಿದ ಕೊಳವೆಬಾವಿ, ಬೆಳೆಗೆ ಸಿಗದ ಬೆಲೆ ಇವುಗಳಲ್ಲಿ ಯಾವುದು ರೈತನನ್ನು ನೋಂದಣಿ ಕಚೇರಿಗೆ ತಂದಿತು? ಹೊಸ ರಸ್ತೆ ಬರುವ ಸುದ್ದಿ ಮೊದಲು ಯಾರಿಗೆ ತಿಳಿದಿತ್ತು? ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯಾಳಿನ ಸಹಿಯನ್ನು ಕೇಳಿದವರಾರು? ಮೊದಲನೆಯವರಿಗೆ ಲೆಕ್ಕದ ಘಟಕ ವ್ಯಕ್ತಿ, ಎರಡನೆಯವರಿಗೆ ವರ್ಗ. ಉಳಿದ ಬಹುತೇಕ ಭಿನ್ನಾಭಿಪ್ರಾಯಗಳು ಇಲ್ಲಿಂದಲೇ ಕವಲೊಡೆಯುತ್ತವೆ.

‘ಉದಾರವಾದಿ’ ಎಂಬ ಪದ ಗೊಂದಲಕ್ಕೆ ಎಡೆಮಾಡಿಕೊಡುವಂಥದು. ಅಮೆರಿಕದ ರಾಜಕೀಯದಲ್ಲಿ ಅದು ಸರ್ಕಾರದ ವೆಚ್ಚವನ್ನು ಬೆಂಬಲಿಸುವವರ ಹೆಸರು. ಇಲ್ಲಿ ಅದರ ಅರ್ಥ ಆಡಂ ಸ್ಮಿತ್‌ನಿಂದ ಬಂದ ಮುಕ್ತ ಮಾರುಕಟ್ಟೆಯ ಪರಂಪರೆ. ಭಾರತದಲ್ಲಿ ಅದರ ದಿಟ್ಟ ಪ್ರತಿನಿಧಿ ಇಂದಿನ ಕಾಸರಗೋಡು ಜಿಲ್ಲೆಯ ಬೆಳ್ಳಿಕೋತಿನಲ್ಲಿ 1905ರಲ್ಲಿ ಜನಿಸಿದ ಬಿ.ಆರ್. ಶೆಣೈ. ಎರಡನೆಯ ಪಂಚವಾರ್ಷಿಕ ಯೋಜನೆಯ ಕುರಿತು 1955ರಲ್ಲಿ ಸೇರಿದ್ದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಕೊರತೆ ಹಣಕಾಸು ಹಾಗೂ ನಿಯಂತ್ರಣಗಳು ಬಡವರಿಗೇ ಹೊರೆಯಾಗುತ್ತವೆ ಎಂಬುದು ಅವರ ವಾದವಾಗಿತ್ತು.

ಮಾರ್ಕ್ಸ್‌ನ ವಿಶ್ಲೇಷಣೆಯಿಂದ ಪ್ರೇರಿತರಾದ ಆಮೂಲಾಗ್ರವಾದಿಗಳ ಕಾರ್ಯವಿಧಾನವೇ ಬೇರೆ. ಬೆಂಗಳೂರಿನ ಫೌಂಡೇಶನ್ ಫಾರ್ ಅಗ್ರೇರಿಯನ್ ಸ್ಟಡೀಸ್ 2009ರಲ್ಲಿ ರಾಜ್ಯದ ಮೂರು ಹಳ್ಳಿಗಳಲ್ಲಿ ಮನೆ ಮನೆ ಸಮೀಕ್ಷೆ ನಡೆಸಿತು. ಅವುಗಳಲ್ಲಿ ಒಂದಾದ ಸಿರೇಸಂದ್ರವು ಹೊಸಕೋಟೆಗೆ ನೆರೆಯ ಕೋಲಾರ ಜಿಲ್ಲೆಯದು. ಯಾರ ಬಳಿ ಎಷ್ಟು ಭೂಮಿಯಿದೆ, ಯಾರು ಯಾರಿಗೆ ದುಡಿಯುತ್ತಾರೆ ಎಂಬುದರಿಂದ ಕುಟುಂಬಗಳನ್ನು ವಿಂಗಡಿಸುವುದು ಈ ಅಧ್ಯಯನಗಳ ಕ್ರಮ.

ಎರಡೂ ದೃಷ್ಟಿಗಳಿಗೆ ಕರ್ನಾಟಕದ ಭೂಸುಧಾರಣೆ ಉತ್ತಮ ಒರೆಗಲ್ಲು. ದೇವರಾಜ ಅರಸು ಅವರ ಕಾಲದ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರರ ಅರ್ಜಿಗಳನ್ನು ಭೂನ್ಯಾಯಮಂಡಳಿಗಳು ವಿಚಾರಿಸಿದವು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿಯನ್ನೇ ನಿಷೇಧಿಸಿದ್ದರಿಂದ ಗುತ್ತಿಗೆ ಕದ್ದುಮುಚ್ಚಿ ಬಾಯಿಮಾತಿನಲ್ಲಿ ನಡೆಯುವಂತಾಯಿತು ಎಂಬುದು ಉದಾರವಾದಿಗಳ ಆಕ್ಷೇಪ. ನೀತಿ ಆಯೋಗದ 2016ರ ಮಾದರಿ ಗುತ್ತಿಗೆ ಕಾಯ್ದೆಯ ಹಿಂದೆ ಇದ್ದುದೂ ಇದೇ ತರ್ಕ. ಕರಾವಳಿ, ಮಲೆನಾಡುಗಳ ಗೇಣಿದಾರರಿಗೆ ದೊರೆತದ್ದು ಬಯಲುಸೀಮೆಯ ಭೂಹೀನ ಕೂಲಿಕಾರರಿಗೆ ದೊರೆಯಲಿಲ್ಲ ಎಂಬುದು ಆಮೂಲಾಗ್ರವಾದಿಗಳ ಆಕ್ಷೇಪ. ಎರಡನೆಯದಕ್ಕೇ ಹೆಚ್ಚು ತೂಕವಿದೆ. ಗೇಣಿ ಪದ್ಧತಿ ವಿರಳವಾಗಿದ್ದ ಹೊಸಕೋಟೆಯಂತಹ ಕಡೆ ಕಾಯ್ದೆಗೆ ಹಂಚಲು ಹೆಚ್ಚೇನೂ ಇರಲಿಲ್ಲ.

ಕೃಷಿಯೇತರ ಆದಾಯ ಮಿತಿ ಮೀರಿದವರು ಕೃಷಿ ಭೂಮಿ ಕೊಳ್ಳದಂತೆ ತಡೆಯುತ್ತಿದ್ದ 79ಎ ಕಲಮಿನ ಚರ್ಚೆ ನಗರದಂಚಿನ ಹೋಬಳಿಗಳಿಗೆ ಇನ್ನೂ ಹತ್ತಿರದ್ದು. ಈ ಮಿತಿಯನ್ನು 2015ರಲ್ಲಿ 2 ಲಕ್ಷದಿಂದ 25 ಲಕ್ಷ ರೂಪಾಯಿಗೆ ಏರಿಸಲಾಯಿತು. 2020ರಲ್ಲಿ 79ಎ ಹಾಗೂ 79ಬಿ ಎರಡನ್ನೂ ರದ್ದುಪಡಿಸಲಾಯಿತು. ಖರೀದಿದಾರರನ್ನು ದೂರವಿಟ್ಟರೆ ನಷ್ಟವಾಗುವುದು ಮಾರುವ ರೈತನಿಗೇ, ನಿರ್ಬಂಧದಿಂದ ಬೆಳೆದದ್ದು ಲಂಚ ಮಾತ್ರ ಎಂದು ಉದಾರವಾದಿಗಳು ರದ್ದತಿಯನ್ನು ಸಮರ್ಥಿಸಿದರು. ಬೇಸಾಯದ ಆದಾಯದಿಂದ ಭೂಮಿ ಕೊಳ್ಳುವವನು ನಗರದ ಹಣದೆದುರು ಸ್ಪರ್ಧಿಸಲಾರ, ಬೇಸಾಯ ಬಿಟ್ಟವನು ಮತ್ತೆಂದೂ ಅದಕ್ಕೆ ಮರಳಲಾರ ಎಂಬುದು ಪ್ರತಿವಾದ.

ತೀರಾ ಕಠಿಣ ಪ್ರಶ್ನೆ 1978ರ ಪಿಟಿಸಿಎಲ್ ಕಾಯ್ದೆಯದು. ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ಮಾರಿದರೆ ಮರಳಿ ಕೊಡಿಸಬಹುದು. ಮಾರಲಾಗದ ಆಸ್ತಿಗೆ ಪೂರ್ಣ ಬೆಲೆಯಿಲ್ಲ, ಬಡವನಿಗಷ್ಟೇ ಈ ಕಟ್ಟುಪಾಡು ಏಕೆ ಎಂದು ಉದಾರವಾದಿ ಕೇಳಿದರೆ, ಸಂಕಷ್ಟದ ಮಾರಾಟವನ್ನು ಒಪ್ಪಿಗೆಯೆಂದು ಕರೆಯಲಾಗದು ಎಂದು ಆಮೂಲಾಗ್ರವಾದಿ ಉತ್ತರಿಸುತ್ತಾನೆ. 2023ರ ತಿದ್ದುಪಡಿ ಮರಳಿ ಪಡೆಯುವ ಅರ್ಜಿಗೆ ಕಾಲಮಿತಿಯಿಲ್ಲವೆಂದು ಹೇಳಿ ಎರಡನೆಯ ವಾದದ ಕಡೆ ವಾಲಿತು.

ಇವರಿಬ್ಬರೂ ಎಂದಿಗೂ ಒಂದಾಗರು ಎಂದು ತಿಳಿಯಬೇಕಿಲ್ಲ. ನೆರೆಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವೈಮಾಂತರಿಕ್ಷ ಪಾರ್ಕ್‌ಗಾಗಿ 1,777 ಎಕರೆ ಸ್ವಾಧೀನಪಡಿಸಿಕೊಳ್ಳುವುದರ ವಿರುದ್ಧ 2022ರಿಂದ ಸಾವಿರಕ್ಕೂ ಹೆಚ್ಚು ದಿನ ಧರಣಿ ನಡೆಯಿತು. ಇಂತಹ ಬಲವಂತದ ಸ್ವಾಧೀನವು ಆಸ್ತಿಯ ಹಕ್ಕಿನ ಮೇಲಿನ ಆಕ್ರಮಣವೆಂದು ಕಟ್ಟಾ ಉದಾರವಾದಿ ವಿರೋಧಿಸಬಲ್ಲ. ಬಂಡವಾಳಕ್ಕಾಗಿ ರೈತರನ್ನು ಒಕ್ಕಲೆಬ್ಬಿಸುವುದೆಂದು ಆಮೂಲಾಗ್ರವಾದಿ ವಿರೋಧಿಸುತ್ತಾನೆ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು; ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಪಡೆಯಲಾಗುವುದು ಎಂದೂ ಹೇಳಿದರು. ‘ಸ್ವಇಚ್ಛೆ’ ಎಂಬ ಆ ಪದದಲ್ಲಿ ಉದಾರವಾದಿಗೆ ವ್ಯಾಜ್ಯ ಬಗೆಹರಿದಂತೆ ಕಾಣುತ್ತದೆ. ಆಮೂಲಾಗ್ರವಾದಿಗೆ ಅಲ್ಲಿಂದಲೇ ವಿಚಾರಣೆ ಶುರು.