ಹಬ್ಬದ ಅಡುಗೆಗೆ ಒಳ್ಳೆ ಸೊಪ್ಪು ಆರಿಸುವುದು ಹೇಗೆ? ಕೊತ್ತಂಬರಿ, ಬೆರಕೆ ಸೊಪ್ಪು ಮತ್ತು ವಾಟ್ಸಾಪ್ ಮಾತುಗಳು

ಗೌರಿ-ಗಣೇಶ ಮುಗಿದು ದೀಪಾವಳಿ ಬರುವ ತನಕ ವಾಟ್ಸಾಪ್ ಗುಂಪುಗಳಲ್ಲಿ ಸೊಪ್ಪಿನ ಬಗ್ಗೆ ನಾಲ್ಕೈದು ಸಂದೇಶಗಳು ಪ್ರತಿ ವರ್ಷ ತಪ್ಪದೆ ಬರುತ್ತವೆ. ಕೊತ್ತಂಬರಿಗೆ ಬಣ್ಣ ಹಾಕುತ್ತಾರೆ, ಉಪ್ಪುನೀರಲ್ಲಿ ತೊಳೆದರೆ ಔಷಧಿಯೆಲ್ಲ ಹೋಗುತ್ತದೆ, ಗಣಿಕೆ ಸೊಪ್ಪು ವಿಷ, ಮತ್ತೆ ಬಿಸಿ ಮಾಡಿದ ಸೊಪ್ಪಿನ ಸಾರು ಕ್ಯಾನ್ಸರ್ ತರುತ್ತದೆ, ಕೊತ್ತಂಬರಿ ನೀರು ಕುಡಿದರೆ ಕಿಡ್ನಿ ಕ್ಲೀನ್ ಆಗುತ್ತದೆ. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು, ಒಂದಂತೂ ಅಪಾಯಕಾರಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯನ್ನು ಮುಂದಿಟ್ಟುಕೊಂಡು ಇವನ್ನು ಒಂದೊಂದಾಗಿ ನೋಡೋಣ.

ಹಬ್ಬಕ್ಕೇ ಯಾಕೆ ರೇಟು ಏರುತ್ತದೆ?

ವ್ಯಾಪಾರಿಗಳು ಬೇಕಂತಲೇ ಬೆಲೆ ಏರಿಸುತ್ತಾರೆ ಎನ್ನುವವರಿದ್ದಾರೆ. ಆದರೆ ಮೊದಲು ಆಕಾಶ ನೋಡಬೇಕು. ಈ ಸೀಮೆಗೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒಳ್ಳೆ ಮಳೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ನೀರಲ್ಲಿ ಮುಳುಗಿದ್ದು ಎಲ್ಲರಿಗೂ ನೆನಪಿರಬಹುದು. ಕೊತ್ತಂಬರಿಗೆ ಬುಡದಲ್ಲಿ ನೀರು ನಿಂತರೆ ಆಗುವುದೇ ಇಲ್ಲ. ಎರಡು ದಿನ ಜಡಿಮಳೆ ಹಿಡಿದರೆ ಬೇರು ಕೊಳೆಯುತ್ತದೆ, ಎಲೆ ಚುಕ್ಕೆ ಬಿದ್ದು ಹಳದಿಯಾಗುತ್ತದೆ. ಅದೇ ಹೊತ್ತಿಗೆ ಮಹಾಲಯ ಅಮಾವಾಸ್ಯೆ ಬರುತ್ತದೆ. ಹಿರಿಯರಿಗೆ ಎಡೆ ಇಡುವ ಮನೆಗಳಲ್ಲಿ ಮಟನ್ ಸಾರಿಗೆ ಕೊತ್ತಂಬರಿ, ಪುದೀನ ಕಟ್ಟುಗಟ್ಟಲೆ ಬೇಕು. ಮಾಲು ಕಡಿಮೆ, ಗಿರಾಕಿ ಜಾಸ್ತಿ. ಜೊತೆಗೆ ಇಲ್ಲಿ ಬೆಳೆದದ್ದರಲ್ಲಿ ದೊಡ್ಡ ಪಾಲು ಬೆಂಗಳೂರಿಗೆ ಹೋಗುವುದರಿಂದ, ಹೊಲದ ಪಕ್ಕದ ಊರಿನಲ್ಲೂ ಪೇಟೆ ರೇಟೇ ನಡೆಯುತ್ತದೆ.

ಇದಕ್ಕೆ ಒಂದು ಸುಲಭ ಲೆಕ್ಕವಿದೆ. ಗಣೇಶನ ಹಬ್ಬದಿಂದ ಆಯುಧಪೂಜೆಗೆ ಸುಮಾರು 35 ದಿನ. ಕೊತ್ತಂಬರಿ ಬಿತ್ತಿ ಕೀಳುವುದಕ್ಕೆ ಬೇಕಾಗುವುದು 30ರಿಂದ 45 ದಿನ. ಅಂದರೆ ಗಣೇಶನನ್ನು ಕೂರಿಸಿದ ದಿನವೇ ಒಂದು ಅಗಲವಾದ ಕುಂಡದಲ್ಲಿ ಧನಿಯ ಬಿತ್ತಿದರೆ ಆಯುಧಪೂಜೆಗೆ ಮನೆಯ ಸೊಪ್ಪು. ಮಹಾಲಯ ಅಮಾವಾಸ್ಯೆಯಂದು ಇನ್ನೊಮ್ಮೆ ಬಿತ್ತಿದರೆ ಬಲಿಪಾಡ್ಯಮಿ ಹೊತ್ತಿಗೆ ಎಳೆ ಸೊಪ್ಪು ಸಿಗುತ್ತದೆ. ಮೆಂತ್ಯಕ್ಕೆ ಮೂರು-ನಾಲ್ಕು ವಾರ ಸಾಕು. ಧನಿಯವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ, ಕುಂಡವನ್ನು ಜಡಿಮಳೆ ನೇರ ಬೀಳದ, ಬಿಸಿಲು ಬರುವ ಸೂರಿನಂಚಿನಲ್ಲಿಡಿ. ಕೊತ್ತಂಬರಿಯನ್ನು ಕಿತ್ತು ಬೇರೆಡೆ ನೆಟ್ಟರೆ ಸೊರಗುತ್ತದೆ, ಬಿತ್ತಿದ ಜಾಗದಲ್ಲೇ ಬಿಡಬೇಕು. ಪುದೀನ ಹಾಗಲ್ಲ, ಅಂಗಡಿಯಿಂದ ತಂದ ಕಟ್ಟಿನ ದಪ್ಪ ಕಡ್ಡಿಯನ್ನೇ ಚುಚ್ಚಿದರೂ ಬರುತ್ತದೆ.

ಹತ್ತಿಯಲ್ಲಿ ಉಜ್ಜಿದರೆ ಹಸಿರು ಬಂತು: ಬಣ್ಣ ಹಾಕಿದ್ದಾರಾ?

ಈ ಸಂದೇಶಕ್ಕೆ ಬುಡವಿಲ್ಲದೆ ಇಲ್ಲ. ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣವಿದೆ. ಅದು ರೇಷ್ಮೆ, ಚರ್ಮ, ಕಾಗದಕ್ಕೆ ಹಾಕುವ ಬಣ್ಣ, ಆಹಾರದಲ್ಲಿ ಬಳಸುವಂತಿಲ್ಲ. ಬೆಂಡೆ, ಮೆಣಸಿನಕಾಯಿ, ಬಟಾಣಿಯಂಥ ತರಕಾರಿ ಹೊಳೆಯಲಿ ಎಂದು ಇದನ್ನು ಹಾಕುವುದುಂಟು. ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಅದ್ದಿದ ಹತ್ತಿಯಿಂದ ತರಕಾರಿಯ ಹೊರಮೈ ಉಜ್ಜಿ ನೋಡುವ ಪರೀಕ್ಷೆಯನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿಕೊಟ್ಟಿದೆ.

ತೊಂದರೆ ಎಲ್ಲಿದೆ ಎಂದರೆ, ಬೆಂಡೆಕಾಯಿಗೆ ಹೇಳಿದ ಪರೀಕ್ಷೆಯನ್ನು ಜನ ಕೊತ್ತಂಬರಿ ಎಲೆಗೆ ಮಾಡುತ್ತಾರೆ. ಮೆತ್ತಗಿನ ಎಲೆಯನ್ನು ಉಜ್ಜಿದರೆ ಎಲೆ ಜಜ್ಜಿ ಹೋಗುತ್ತದೆ. ಒಳಗಿನ ಹಸಿರು, ಅಂದರೆ ಪತ್ರಹರಿತ್ತು, ಎಣ್ಣೆಯಲ್ಲಿ ಕರಗುವ ವಸ್ತು. ಎಣ್ಣೆ ಹಚ್ಚಿದ ಹತ್ತಿ ಹಸಿರಾಗದೆ ಇನ್ನೇನಾಗುತ್ತದೆ? ನಿಮ್ಮ ಹಿತ್ತಲಲ್ಲಿ ನೀವೇ ಬೆಳೆದ ಸೊಪ್ಪೂ ಈ ಪರೀಕ್ಷೆಯಲ್ಲಿ ಫೇಲಾಗುತ್ತದೆ.

ಸೊಪ್ಪಿಗೆ ಇನ್ನೂ ಸರಳ ದಾರಿ ತಣ್ಣೀರು. ಪತ್ರಹರಿತ್ತು ತಣ್ಣೀರಲ್ಲಿ ಕರಗುವುದಿಲ್ಲ, ಮ್ಯಾಲಕೈಟ್ ಗ್ರೀನ್ ಕರಗುತ್ತದೆ. ಜಜ್ಜದೆ, ಕತ್ತರಿಸದೆ ಇಡೀ ಸೊಪ್ಪನ್ನು ಬಿಳಿ ಪಾತ್ರೆಯ ತಣ್ಣೀರಲ್ಲಿ ಅದ್ದಿಡಿ. ಮಣ್ಣು ಕೆಳಗೆ ಕೂತು ನೀರು ತಿಳಿಯಾಗಿಯೇ ಇದ್ದರೆ ಅನುಮಾನ ಬೇಡ. ನೀರೇ ನೀಲಿ-ಹಸಿರಿಗೆ ತಿರುಗಿದರೆ ಆ ಸೊಪ್ಪನ್ನು ಅಡುಗೆಗೆ ಬಳಸಬೇಡಿ. ಕೆಂಪು ದಂಟಿನ ಮಾತು ಬೇರೆ. ಬೇಯಿಸಿದ ನೀರು ಗುಲಾಬಿ ಬಣ್ಣಕ್ಕೆ ತಿರುಗಿತೆಂದು ಹೆದರಿ ಬಸ್ಸಾರನ್ನೇ ಚೆಲ್ಲಿದ ಮನೆಗಳಿವೆ. ಬೀಟ್‌ರೂಟ್‌ನಲ್ಲಿರುವ ಕೆಂಪಿನ ಬಳಗಕ್ಕೇ ಸೇರಿದ ಬಣ್ಣ ದಂಟಿನಲ್ಲೂ ಇದೆ. ಅದು ಸಹಜವಾಗಿಯೇ ನೀರಿಗೆ ಬಿಡುತ್ತದೆ.

ವಾಸನೆಯೇ ಇಲ್ಲದ ಕೊತ್ತಂಬರಿ

ಫಾರಂ ಕೊತ್ತಂಬರಿಗೆ ಇಂಜೆಕ್ಷನ್ ಕೊಡುತ್ತಾರೆ, ಅದಕ್ಕೇ ಘಮ ಇಲ್ಲ ಎಂಬುದು ಇನ್ನೊಂದು ಮಾತು. ಸಾವಿರಾರು ಗಿಡಕ್ಕೆ ಇಂಜೆಕ್ಷನ್ ಕೊಡುತ್ತಾ ಕೂರಲು ಯಾವ ರೈತನಿಗೂ ಪುರುಸೊತ್ತಿಲ್ಲ. ಕೊತ್ತಂಬರಿಯ ಘಮ ಆಲ್ಡಿಹೈಡ್ ಎಂಬ, ಗಾಳಿಗೆ ಬೇಗ ಹಾರಿಹೋಗುವ ವಸ್ತುಗಳಿಂದ ಬರುತ್ತದೆ. ಅದು ಎಷ್ಟಿರುತ್ತದೆ ಎನ್ನುವುದು ತಳಿಯ ಮೇಲೆ, ನೀರು-ಗೊಬ್ಬರದ ಮೇಲೆ, ಕಿತ್ತು ಎಷ್ಟು ಹೊತ್ತಾಯಿತು ಎನ್ನುವುದರ ಮೇಲೆ ನಿಂತಿದೆ. ಯೂರಿಯಾ, ನೀರು ಧಾರಾಳವಾಗಿ ಉಂಡು ದಬದಬ ಬೆಳೆದ ಸೊಪ್ಪು ನೋಡಲು ಚೆನ್ನ, ಮೂಗಿಗೆ ಸಪ್ಪೆ. ಗಿಡ್ಡ ಕಡ್ಡಿಯ, ಸಣ್ಣ ಎಲೆಯ ನಾಟಿ ಕೊತ್ತಂಬರಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ಬರೀ ಹಳೆಯ ಕಾಲದ ಮೋಹವಲ್ಲ ಎಂಬುದು ನಮ್ಮ ಅಭಿಪ್ರಾಯ. ಕೊಳ್ಳುವಾಗ ಒಂದು ಎಲೆ ಹಿಸುಕಿ ಮೂಸಿ ನೋಡಿ, ಅಷ್ಟೇ ಪರೀಕ್ಷೆ. ಅಂದಹಾಗೆ, ಕೆಲವರಿಗೆ ಎಷ್ಟೇ ಒಳ್ಳೆ ಕೊತ್ತಂಬರಿಯೂ ಸೋಪಿನಂತೆ ನಾರುತ್ತದೆ. ವಾಸನೆ ಹಿಡಿಯುವ ಒಂದು ಜೀನ್‌ಗೂ ಇದಕ್ಕೂ ನಂಟಿದೆ ಎಂದು 2012ರಲ್ಲಿ ಸಂಶೋಧಕರು ಹೇಳಿದರು. ಮನೆಗೆ ಬಂದ ಅಳಿಯ ತಟ್ಟೆಯ ಅಂಚಿಗೆ ಕೊತ್ತಂಬರಿ ತಳ್ಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ತೊಳೆದರೆ ಹೋಗುವುದು ಯಾವುದು, ಹೋಗದ್ದು ಯಾವುದು?

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಸೊಪ್ಪಿನ ಮೇಲಿನ ಕೊಳೆಯಲ್ಲಿ ಮೂರು ಬಗೆ.

ಮೊದಲನೆಯದು ಮಣ್ಣು, ಕ್ರಿಮಿ, ಹುಳದ ಮೊಟ್ಟೆ. ಬಾಡದಿರಲಿ ಎಂದು ಚಿಮುಕಿಸುವ ನೀರೇ ಕೊಳಕಾಗಿದ್ದರೆ ಕ್ರಿಮಿ ಅಲ್ಲಿಂದಲೂ ಬರುತ್ತವೆ. ಬೇಯಿಸುವ ಸೊಪ್ಪಿಗೆ ಇದು ದೊಡ್ಡ ಚಿಂತೆಯಲ್ಲ, ಕುದಿದರೆ ಸಾಯುತ್ತವೆ. ಆದರೆ ಕೋಸಂಬರಿ, ಹಸಿ ಚಟ್ನಿ, ಕೊನೆಗೆ ಮೇಲೆ ಉದುರಿಸುವ ಕೊತ್ತಂಬರಿ ಒಲೆ ಕಾಣುವುದೇ ಇಲ್ಲ. ಬೇರು ಕತ್ತರಿಸಿ, ಕಟ್ಟು ಬಿಚ್ಚಿ, ಮೂರು ನೀರಲ್ಲಿ ಜಾಲಿಸಿ, ಕೊನೆಯ ನೀರು ಕುಡಿಯುವ ನೀರೇ ಆಗಿರಲಿ.

ಎರಡನೆಯದು ಕೀಟನಾಶಕ. ಉಪ್ಪು, ಹುಣಸೆನೀರು, ಅಡುಗೆ ಸೋಡಾ ಇವೆಲ್ಲ ಎಲೆಯ ಮೇಲ್ಮೈಯಲ್ಲಿರುವುದನ್ನು ಒಂದಷ್ಟು ಕಳೆಯುತ್ತವೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಎರಡು ಔಷಧಿ ಹಾಕಿ ಅಡುಗೆ ಸೋಡಾ ನೀರಲ್ಲಿ 12ರಿಂದ 15 ನಿಮಿಷ ತೊಳೆದು ನೋಡಿದರು. ಮೇಲಿದ್ದದ್ದು ಹೋಯಿತು, ಸಿಪ್ಪೆಯೊಳಗೆ ಇಳಿದದ್ದು ಹೋಗಲಿಲ್ಲ. ಸೊಪ್ಪಿಗೂ ಇದೇ ಪಾಠ. ಗಿಡ ಹೀರಿಕೊಳ್ಳುವ ಬಗೆಯ ಔಷಧಿಗೆ ಯಾವ ಉಪ್ಪುನೀರೂ ಪೂರ್ತಿ ಪರಿಹಾರವಲ್ಲ. ‘ಪೂರ್ತಿ ಹೋಗುತ್ತದೆ’ ಎಂದು ಬರೆದ ಸಂದೇಶವನ್ನು ಮುಂದೆ ಕಳಿಸಬೇಡಿ.

ಮೂರನೆಯದು ಭಾರಲೋಹ. ಈ ಜಿಲ್ಲೆಯ ಮಟ್ಟಿಗೆ ನಿಜವಾದ ಪ್ರಶ್ನೆ ಇದೇ. ವಾಟ್ಸಾಪ್‌ನಲ್ಲಿ ಮಾತ್ರ ಇದರ ಸುದ್ದಿ ಅಷ್ಟಾಗಿ ಇಲ್ಲ. ಬೆಂಗಳೂರಿನ ಚರಂಡಿ ಮತ್ತು ಕಾರ್ಖಾನೆ ನೀರನ್ನು ಹೊತ್ತ ವೃಷಭಾವತಿ ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆ ಸೇರಿ, ಮುಂದೆ ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಈ ನೀರು ಹರಿಯುವ ಕಡೆಯ ಮಣ್ಣು, ಬೆಳೆಯಲ್ಲಿ ಸಂಶೋಧಕರು ಭಾರಲೋಹಗಳನ್ನು ಗುರುತಿಸಿದ್ದಾರೆ. ಸೀಸ, ಕ್ಯಾಡ್ಮಿಯಂ ಬೇರಿನಿಂದ ಹತ್ತಿ ಎಲೆಯೊಳಗೆ ಕೂರುತ್ತವೆ. ಕಾಯಿ ತರಕಾರಿಗಿಂತ ಸೊಪ್ಪಿನಲ್ಲೇ ಅವು ಸಾಮಾನ್ಯವಾಗಿ ಹೆಚ್ಚು ಸೇರುತ್ತವೆ. ತೊಳೆದರೆ ಹೋಗುವುದಿಲ್ಲ, ಬೇಯಿಸಿದರೆ ನಾಶವಾಗುವುದಿಲ್ಲ. ಕಣ್ಣಿಗೂ ಗೊತ್ತಾಗುವುದಿಲ್ಲ. ಚರಂಡಿ ನೀರಿನಲ್ಲಿ ಸಾರಜನಕ ಹೇರಳವಾಗಿರುವುದರಿಂದ ಆ ಸೊಪ್ಪು ಇನ್ನೂ ದಟ್ಟ ಹಸಿರಾಗಿ, ಕೊಬ್ಬಿ ಬೆಳೆದಿರುತ್ತದೆ. ‘ಕಡು ಹಸಿರಿದ್ದರೆ ಒಳ್ಳೆ ಸೊಪ್ಪು’ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಹಾಗೆಂದು ಇಡೀ ಜಿಲ್ಲೆಯ ಸೊಪ್ಪನ್ನು ದೂರುವುದು ತಪ್ಪು, ರೈತರನ್ನು ದೂರುವುದು ಇನ್ನೂ ದೊಡ್ಡ ತಪ್ಪು. ಆ ನೀರು ಅವರು ಕೇಳಿ ಪಡೆದದ್ದಲ್ಲ. ಮಾಗಡಿ ಕಡೆಯ ಹೊಲಗಳು, ಚನ್ನಪಟ್ಟಣದ ಕಣ್ವ, ಇಗ್ಗಲೂರು ಸುತ್ತಿನ ಊರುಗಳು, ಕನಕಪುರದ ಮಳೆಯಾಶ್ರಿತ ಭೂಮಿ ಈ ಹೊಳೆಯ ದಾರಿಯಲ್ಲಿಲ್ಲ. ಸೊಪ್ಪು ಮಾರುವವರನ್ನು ‘ಯಾವೂರ ಸೊಪ್ಪಮ್ಮ, ಬೋರ್ ನೀರಾ, ಕಾಲುವೆ ನೀರಾ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬೆಳೆದವರೇ ಮಾರುತ್ತಿದ್ದರೆ ಹೇಳುತ್ತಾರೆ. ಒಂದೇ ಕಡೆಯಿಂದ ವರ್ಷವಿಡೀ ಒಂದೇ ಸೊಪ್ಪು ತಿನ್ನುವ ಬದಲು ಊರು, ಬಗೆ ಎರಡನ್ನೂ ಬದಲಿಸುತ್ತಿರಿ.

ಬೆರಕೆ ಸೊಪ್ಪು: ಪುಕ್ಕಟೆ ಸಿಗುತ್ತದೆ, ಗುರುತು ಬೇಕು

ಹಬ್ಬದ ಕಾಲದಲ್ಲಿ ಅಂಗಡಿಗಿಂತ ಒಳ್ಳೆ ಸೊಪ್ಪು ರಾಗಿ ಹೊಲದಲ್ಲಿ ಸಿಗುತ್ತದೆ. ಕಳೆ ಕೀಳುವಾಗ ಅಣ್ಣೆ, ಗಣಿಕೆ, ಹೊನಗೊನ್ನೆ, ಕೀರೆ, ಗೋಣಿ ಸೊಪ್ಪು ಎಲ್ಲ ಸೇರಿ ಮಡಿಲು ತುಂಬುತ್ತವೆ. ಮಸ್ಸೊಪ್ಪಿಗೆ ಇದಕ್ಕಿಂತ ರುಚಿ ಬೇರೆ ಇಲ್ಲ.

ಗಣಿಕೆ ವಿಷ ಎಂಬ ಸಂದೇಶ ಹುಟ್ಟಿದ್ದು ಹೆಸರಿನ ಗೊಂದಲದಿಂದ. ಗಣಿಕೆಗೆ ಇಂಗ್ಲಿಷಿನಲ್ಲಿ ಬ್ಲ್ಯಾಕ್ ನೈಟ್‌ಶೇಡ್ ಎನ್ನುತ್ತಾರೆ. ಡೆಡ್ಲಿ ನೈಟ್‌ಶೇಡ್ ಬೇರೆಯೇ ಗಿಡ. ಅದು ಯೂರೋಪಿನ ಬೆಲಡೋನ, ನಮ್ಮ ರಾಗಿ ಹೊಲದಲ್ಲಿ ಬೆಳೆಯುವುದಿಲ್ಲ. ಬೆಲಡೋನದ ಹಣ್ಣು ಒಂಟೊಂಟಿ, ಗಣಿಕೆಯದು ಸಣ್ಣ ಗೊಂಚಲು. ಎಚ್ಚರ ಬೇಕಾದ ವಿಷಯ ಒಂದಿದೆ: ಗಣಿಕೆಯ ಹಸಿರು ಕಾಯಿಯಲ್ಲಿ ಸೊಲನಿನ್ ಇರುತ್ತದೆ, ಅದನ್ನು ತಿನ್ನಬಾರದು. ಸೊಪ್ಪು ಬೇಯಿಸಿ ತಿನ್ನಿ, ಹಣ್ಣು ಕಪ್ಪಾದ ಮೇಲೆ ಮಕ್ಕಳಿಗೆ ಕೊಡಿ.

ನಿಜವಾಗಿ ಹೆದರಬೇಕಾದದ್ದು ಉಮ್ಮತ್ತಿಗೆ, ಅಂದರೆ ದತ್ತೂರಕ್ಕೆ. ಹೂವು, ಮುಳ್ಳುಕಾಯಿ ಬಂದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ. ಎಳೆ ಸಸಿ ಮಾತ್ರ ಬೆರಕೆಯಲ್ಲಿ ಸೇರಿಕೊಂಡುಬಿಡಬಹುದು. ಎಲೆ ಹಿಸುಕಿದರೆ ಕೆಟ್ಟ ವಾಸನೆ ಬರುತ್ತದೆ. ತಿಂದವರಿಗೆ ಬಾಯಿ ಒಣಗಿ, ಕಣ್ಣು ಮಂಜಾಗಿ, ಮಾತು ತೊದಲಿದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ, ಉಳಿದ ಸೊಪ್ಪನ್ನೂ ಜೊತೆಗೆ ಹಿಡಿದುಕೊಂಡು ಹೋಗಿ. ಯೂಟ್ಯೂಬ್ ನೋಡಿ ಬೆರಕೆ ಸೊಪ್ಪು ಕೀಳಲು ಹೊರಡುವವರು ಮೊದಲ ಸಲ ಊರಿನ ಹಿರಿಯ ಹೆಂಗಸರ ಜೊತೆ ಹೋಗುವುದೇ ಸರಿ. ಕಳೆನಾಶಕ ಹೊಡೆದ ಬದುವಿನಲ್ಲಿ ಕೀಳಬೇಡಿ. ಎಲೆ ಮುರುಟಿ, ಕಾಂಡ ತಿರುಚಿದ್ದರೆ ಅದೇ ಗುರುತು. ರಸ್ತೆ ಪಕ್ಕದ ಸೊಪ್ಪೂ ಬೇಡ.

ನಿನ್ನೆಯ ಬಸ್ಸಾರು

ಮತ್ತೆ ಬಿಸಿ ಮಾಡಿದರೆ ವಿಷ ಎಂಬುದು ಸರಿಯಲ್ಲ. ಸೊಪ್ಪಿನಲ್ಲಿ ನೈಟ್ರೇಟ್ ಇರುವುದು ನಿಜ. ಬೇಯಿಸಿದ ಸೊಪ್ಪನ್ನು ಹೊರಗೆ ಬಿಟ್ಟರೆ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ತಪ್ಪು ಬಿಸಿ ಮಾಡುವುದರಲ್ಲಿಲ್ಲ, ಗಂಟೆಗಟ್ಟಲೆ ಹೊರಗೆ ಬಿಡುವುದರಲ್ಲಿದೆ. ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ, ಮರುದಿನ ಚೆನ್ನಾಗಿ ಕುದಿಸಿದ ಬಸ್ಸಾರಿಗೆ ದೊಡ್ಡವರು ಹೆದರಬೇಕಿಲ್ಲ. ಆರೇಳು ತಿಂಗಳ ಕೂಸಿಗೆ ಮಾತ್ರ ಆಗಿಂದಾಗ್ಗೆ ಮಾಡಿದ್ದನ್ನೇ ಕೊಡಿ. ರಾತ್ರಿ ಸೊಪ್ಪು ತಿನ್ನಬಾರದು ಎಂಬುದರಲ್ಲಿ ವಿಜ್ಞಾನ ಹುಡುಕಬೇಡಿ. ಬುಡ್ಡಿ ಬೆಳಕಿನಲ್ಲಿ ಹುಳ ಕಾಣುತ್ತಿರಲಿಲ್ಲ, ಈಗ ಬಲ್ಬಿದೆ.

ಕೊತ್ತಂಬರಿ ನೀರು ಕುಡಿದರೆ ಕಿಡ್ನಿ ಕ್ಲೀನ್?

ಮೊದಲೇ ಹೇಳಿದ ಅಪಾಯಕಾರಿ ಸಂದೇಶ ಇದು. ಆರೋಗ್ಯವಾಗಿರುವವರ ಕಿಡ್ನಿಯನ್ನು ತೊಳೆಯುವ ಅಗತ್ಯವೇ ಇಲ್ಲ. ಕಿಡ್ನಿ ಕೆಟ್ಟವರಿಗೆ ದೇಹದ ಪೊಟ್ಯಾಸಿಯಂ ಹೊರಹಾಕುವುದು ಕಷ್ಟ, ಕೊತ್ತಂಬರಿ ಸೊಪ್ಪಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಸಾರಿನ ಮೇಲೆ ಉದುರಿಸುವಷ್ಟಕ್ಕೆ ಏನೂ ಆಗದು. ಕಟ್ಟು ಕಟ್ಟು ಕುದಿಸಿ ದಿನಾ ಕುಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಡಯಾಲಿಸಿಸ್‌ನಲ್ಲಿರುವವರು ಮನೆಯಲ್ಲಿದ್ದರೆ ಈ ಸಂದೇಶ ಕಳಿಸಿದವರಿಗೆ ಫೋನ್ ಮಾಡಿಯೇ ಹೇಳಿ. ವಾರ್ಫರಿನ್‌ನಂಥ ರಕ್ತ ತಿಳಿ ಮಾಡುವ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ, ಆದರೆ ಹಬ್ಬದ ವಾರ ಮಾತ್ರ ಒಮ್ಮೆಲೇ ಹೆಚ್ಚು ತಿನ್ನುವುದು ಬೇಡ. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ.

ತಂದ ಮೇಲೆ ನಾಲ್ಕು ದಿನ ಇಡಲು

ಒದ್ದೆ ಸೊಪ್ಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಟ್ಟರೆ ಮರುದಿನವೇ ಲೋಳೆ. ಕೊಳೆತ ಎಲೆ ಆರಿಸಿ ತೆಗೆದು, ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಬೇರುಸಹಿತ ಲೋಟದ ನೀರಲ್ಲಿ ನಿಲ್ಲಿಸಿ, ದಿನಾ ನೀರು ಬದಲಿಸಿ. ಪೂಜೆಗೆ ತಂದ ಬಾಳೆಹಣ್ಣಿನ ಪಕ್ಕ ಮಾತ್ರ ಬೇಡ, ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ. ಕರಿಬೇವಿನ ನೀರು ಆರಿಸಿ, ಎಲೆ ಬಿಡಿಸಿ ಡಬ್ಬಿಯಲ್ಲಿಟ್ಟರೆ ವಾರ ದಾಟುತ್ತದೆ.

ಸಬ್ಬಸಿಗೆ ತಂದವರು ಅವರೆಕಾಳನ್ನೂ ಕೇಳುತ್ತಾರೆ. ಅಕ್ಟೋಬರ್‌ನಲ್ಲಿ ‘ಮಾಗಡಿ ಸೊಗಡವರೆ’ ಎಂದು ಯಾರಾದರೂ ಮಾರಿದರೆ ಸ್ವಲ್ಪ ಯೋಚಿಸಿ. ಹಳೆಯ ನಾಟಿ ಅವರೆ ಹಗಲು ಚಿಕ್ಕದಾಗದೆ ಹೂ ಬಿಡುವುದಿಲ್ಲ, ಅದರ ಕಾಲ ಚಳಿಗಾಲ. ಹಗಲಿನ ಉದ್ದಕ್ಕೆ ಕಾಯದೆ ವರ್ಷದ ಯಾವ ಕಾಲದಲ್ಲೂ ಕಾಯಿ ಬಿಡುವುದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಹೆಬ್ಬಾಳ ಅವರೆಯಂಥ ತಳಿಗಳು. ತಿನ್ನಲು ಅಡ್ಡಿಯಿಲ್ಲ, ಸೊಗಡಿಗೆ ಡಿಸೆಂಬರ್‌ವರೆಗೆ ಕಾಯಬೇಕು.